ರಾಯಚೂರು ಬಿಸಿಲಿಗೆ ಒಂದೂವರೆ ಟನ್ ಇನ್ವರ್ಟರ್ ಏಸಿ: ಟನ್ ಬಿಡಿ, ವ್ಯಾಟ್ ನೋಡಿ

ಬ್ಯಾಸಗಿ ಬಂತೆಂದರೆ ರಾಯಚೂರು, ಬಳ್ಳಾರಿ, ಕೊಪ್ಪಳದ ಅಂಗಡಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಒಂದೂವರೆ ಟನ್ ಇನ್ವರ್ಟರ್ ಕೊಡಿ’ (ಇನ್ವರ್ಟರ್ ಅಂದರೆ ಕೋಣೆ ತಂಪಾದ ಮೇಲೆ ಕಂಪ್ರೆಸರ್ ವೇಗ ಇಳಿಸಿಕೊಳ್ಳುವ ಏಸಿ). ಈ ವಿಮರ್ಶೆ ಯಾವುದೇ ಒಂದು ಕಂಪನಿಯ ಮಾಡೆಲ್ ಬಗ್ಗೆ ಅಲ್ಲ. ಈ ಅಳತೆಯ ಮೂರು ಸ್ಟಾರ್ ಮತ್ತು ಐದು ಸ್ಟಾರ್ ಸ್ಪ್ಲಿಟ್ ಏಸಿಗಳು ನಮ್ಮ ಕಡೆಯ ಬಿಸಿಲಿಗೆ, ನಮ್ಮ ಕಡೆಯ ಮನೆಗಳಿಗೆ ಎಷ್ಟು ಒಗ್ಗುತ್ತವೆ ಅನ್ನೋದರ ಬಗ್ಗೆ. ಮೊದಲಿಗೇ ಹೇಳಬೇಕಾದ ಮಾತು: ಡಬ್ಬದ ಮೇಲೆ ಎಲ್ಲದಕ್ಕೂ 1.5 ಅಂತಲೇ ಇರುತ್ತದೆ, ಆದರೆ ಒಳಗಿನ ತಂಪು ಒಂದೇ ಅಲ್ಲ. ಸ್ಟಾರ್ ಲೇಬಲ್‌ನಲ್ಲಿ ‘ಕೂಲಿಂಗ್ ಕೆಪ್ಯಾಸಿಟಿ (100%)’ ಅನ್ನೋ ಸಾಲು ಹುಡುಕಿ. ಒಂದರಲ್ಲಿ 4,750 ವ್ಯಾಟ್, ಇನ್ನೊಂದರಲ್ಲಿ 5,000, ಮತ್ತೊಂದರಲ್ಲಿ 5,280 ಇರುತ್ತದೆ. ಮೂರನ್ನೂ ಒಂದೂವರೆ ಟನ್ ಅಂತಲೇ ಮಾರುತ್ತಾರೆ.

ಲೆಕ್ಕ ಸರಳ. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು (ಶಾಖದ ಒಂದು ಅಳತೆ), ಅಂದರೆ 3,517 ವ್ಯಾಟ್, ಅಂದರೆ ಗಂಟೆಗೆ 3,024 ಕಿಲೋಕ್ಯಾಲರಿ. 2,000 ಪೌಂಡ್ ಮಂಜುಗಡ್ಡೆಯನ್ನು 24 ಗಂಟೆಯಲ್ಲಿ ಕರಗಿಸಲು ಬೇಕಾದ ಶಾಖದಿಂದ ಬಂದ ಅಳತೆ ಇದು. ಹಾಗಾಗಿ ನಿಜವಾದ ಒಂದೂವರೆ ಟನ್ ಅಂದರೆ 5,275 ವ್ಯಾಟ್. ಅಂಗಡಿಯಲ್ಲಿ ನಿಂತು ಮೊಬೈಲ್ ತೆಗೆದು ಲೇಬಲ್‌ನ ವ್ಯಾಟನ್ನು 3,517ರಿಂದ ಭಾಗಿಸಿದರೆ ಸಾಕು: 4,750 ಅಂದರೆ 1.35 ಟನ್, 5,000 ಅಂದರೆ 1.42, 5,280 ಅಂದರೆ 1.50. ಕ್ಯಾಲ್ಕುಲೇಟರ್ ಬೇಡ ಅನ್ನುವವರು 3,500ರಿಂದ ಭಾಗಿಸಿ. ಅರ್ಧ ಪರ್ಸೆಂಟ್ ಮಾತ್ರ ತಪ್ಪುತ್ತದೆ.

0.15 ಟನ್ ವ್ಯತ್ಯಾಸದಿಂದ ಏನು ಮಹಾ ಆಗುತ್ತೆ ಅನ್ನಬಹುದು. ಬೆಂಗಳೂರಿನಲ್ಲಾದರೆ ಏನೂ ಆಗೋದಿಲ್ಲ. ಲೇಬಲ್‌ನ ಆ ವ್ಯಾಟ್ ಬರೋದು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇಟ್ಟು ಮಾಡಿದ ಪರೀಕ್ಷೆಯಿಂದ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನ 42-43 ಡಿಗ್ರಿ ಮುಟ್ಟೋದು ಸಾಮಾನ್ಯ. ಹೊರಗಿನ ಗಾಳಿ ಬಿಸಿಯಾದಷ್ಟೂ ಹೊರಗಿನ ಯೂನಿಟ್ಟಿನ ಕಂಡೆನ್ಸರ್ (ಶಾಖ ಬಿಡುವ ಕಾಯಿಲ್) ಶಾಖ ಹೊರಹಾಕಲು ಹೆಣಗುತ್ತದೆ, ತಂಪು ಕಡಿಮೆಯಾಗುತ್ತದೆ, ಕರೆಂಟು ಹೆಚ್ಚಾಗುತ್ತದೆ. 43 ಡಿಗ್ರಿಯಲ್ಲಿ ಸುಮಾರು ಶೇ. 10ರಷ್ಟು ತಂಪು ಕಳೆದುಹೋಗುತ್ತದೆ ಅಂತ ಹಿಡಿದರೆ 4,750 ವ್ಯಾಟಿನ ಯಂತ್ರ 4,275ಕ್ಕೆ ಇಳಿಯಿತು. ಅದು 1.2 ಟನ್. 5,280ರದ್ದು 4,750ಕ್ಕೆ ನಿಂತಿತು. ಜಾಹೀರಾತಿನಲ್ಲಿ ‘52 ಡಿಗ್ರಿಯಲ್ಲೂ ಕೂಲಿಂಗ್’ ಅಂತ ಬರೆದಿದ್ದರೆ ಅಷ್ಟು ಬಿಸಿಯಲ್ಲೂ ಕಂಪ್ರೆಸರ್ ಟ್ರಿಪ್ ಆಗದೆ ಓಡುತ್ತದೆ ಅಂತ ಅರ್ಥ, ಅಷ್ಟೇ ತಂಪು ಕೊಡುತ್ತದೆ ಅಂತಲ್ಲ.

43 ಡಿಗ್ರಿಯಲ್ಲಿ ಉಳಿದ 4,275 ಮತ್ತು 4,750, ಈ ಎರಡು ಸಂಖ್ಯೆಗಳನ್ನು ಒಂದು ಕೋಣೆಗೆ ಹೊಂದಿಸಿ ನೋಡೋಣ. 12 ಅಡಿಗೆ 15 ಅಡಿ ಹಾಲ್, 10 ಅಡಿ ಎತ್ತರ, ಮೇಲೆ ಬರೀ ಆರ್‌ಸಿಸಿ ಸ್ಲ್ಯಾಬ್, ಪಶ್ಚಿಮಕ್ಕೆ ಗೋಡೆ ಮತ್ತು ಕಿಟಕಿ. ಇಳಿಹೊತ್ತಿನಲ್ಲಿ ಕಾದ ಸ್ಲ್ಯಾಬ್ ಒಂದೇ ಸುಮಾರು 1,750 ವ್ಯಾಟ್ ಶಾಖ ಇಳಿಸುತ್ತದೆ (16.7 ಚದರ ಮೀಟರ್, ಡಿಗ್ರಿಗೆ 3 ವ್ಯಾಟ್, ಬಿಸಿಲು ಸೇರಿ ಸುಮಾರು 35 ಡಿಗ್ರಿ ಅಂತರ). ಗೋಡೆಗಳಿಂದ 700, ಎರಡು ಚದರ ಮೀಟರ್ ಗಾಜಿನ ಕಿಟಕಿಯಿಂದ ಪರದೆ ಹಾಕಿದ್ದರೂ 700, ಮೂರು ಜನರಿಂದ 350, ಬಾಗಿಲು ಸಂದಿಯ ಗಾಳಿಯಿಂದ 300, ಫ್ಯಾನು-ಟಿವಿ-ಲೈಟಿನಿಂದ 200. ಒಟ್ಟು 4,000. ಶೇ. 10 ಹೆಚ್ಚುವರಿ ಇಟ್ಟುಕೊಂಡರೆ 4,400. ಈಗ ಮೇಲಿನ ಸಾಲು ಮತ್ತೆ ನೋಡಿ: 4,275 ಸಾಲದು, 4,750 ಸಾಕು. ‘ಅದೇ ಒಂದೂವರೆ ಟನ್, ಅವರ ಮನೇಲಿ ತಂಪಾಗುತ್ತೆ, ನಮ್ಮನೇಲಿ ಆಗಲ್ಲ’ ಅನ್ನೋ ದೂರಿನ ಮೂಲ ಬಹಳ ಸಲ ಇಷ್ಟೇ.

ಅದೇ ಹಾಲ್‌ನ ಮೇಲೆ ಇನ್ನೊಂದು ಅಂತಸ್ತು ಇದ್ದರೆ ಸ್ಲ್ಯಾಬಿನ 1,750 ಹೋಗಿ 2,250 ವ್ಯಾಟ್ ಉಳಿಯುತ್ತದೆ. 3,500 ವ್ಯಾಟಿನ ಒಂದು ಟನ್ ಏಸಿ ಧಾರಾಳ. ಮೇಲೆ ಅಂತಸ್ತಿಲ್ಲದವರು ಏಸಿಗಿಂತ ಮೊದಲು ಮಾಳಿಗೆಗೆ ಬಿಳಿ ಸುಣ್ಣವನ್ನೋ ಕೂಲ್ ರೂಫ್ ಪೇಂಟನ್ನೋ ಬಳಿಸಲಿ. 35 ಡಿಗ್ರಿ ಅಂತರ 20ಕ್ಕೆ ಇಳಿದರೂ 750 ವ್ಯಾಟ್ ಉಳಿತಾಯ, 0.2 ಟನ್‌ಗಿಂತ ಹೆಚ್ಚು. ಎರಡು ‘ಒಂದೂವರೆ ಟನ್’ಗಳ ನಡುವಿನ ಅಂತರಕ್ಕಿಂತ ಇದು ದೊಡ್ಡದು, ಖರ್ಚು ಮಾತ್ರ ಬಹಳ ಕಡಿಮೆ. ತಗಡಿನ ಶೀಟ್ ಕೆಳಗಿನ ಅಂಗಡಿಗಳಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ಫಾಲ್ಸ್ ಸೀಲಿಂಗ್ ಮತ್ತು ಅದರ ಮೇಲೆ ಥರ್ಮಾಕೋಲೋ ರಾಕ್‌ವೂಲೋ ಇಲ್ಲದೆ ಅಲ್ಲಿ ಎರಡು ಟನ್ ಹಾಕಿದರೂ ದುಡ್ಡು ದಂಡ.

ಲೇಬಲ್‌ನಲ್ಲಿ ಜನ ಅತಿ ಹೆಚ್ಚು ತಪ್ಪು ತಿಳಿಯೋದು ಕಿಲೋವ್ಯಾಟನ್ನು. ‘ಇದು 5 ಕಿಲೋವ್ಯಾಟ್ ಮಷೀನ್’ ಅಂದ ತಕ್ಷಣ ಗಂಟೆಗೆ 5 ಯೂನಿಟ್ ಹೋಗುತ್ತೆ ಅಂತ ಹೆದರುವವರಿದ್ದಾರೆ. ಜೆಸ್ಕಾಂನಲ್ಲಿ ಮಂಜೂರಾದ ಲೋಡನ್ನು 5 ಕಿಲೋವ್ಯಾಟ್ ಹೆಚ್ಚಿಸಿಕೊಳ್ಳಲು ಅರ್ಜಿ ಬರೆಯುವವರೂ ಇದ್ದಾರೆ. ಆ 5 ಕಿಲೋವ್ಯಾಟ್ ಕೋಣೆಯಿಂದ ಎತ್ತಿ ಹೊರಹಾಕುವ ಶಾಖ. ಕರೆಂಟು ಎಳೆಯೋದು ಬೇರೆ ಸಾಲಿನಲ್ಲಿರುತ್ತದೆ: ‘ಪವರ್ ಇನ್‌ಪುಟ್’ ಅಥವಾ ‘ರೇಟೆಡ್ ಇನ್‌ಪುಟ್’, ಸುಮಾರು 1,400ರಿಂದ 1,600 ವ್ಯಾಟ್, ಕಡು ಬಿಸಿಲಿನಲ್ಲಿ 1,800ರ ಆಸುಪಾಸು. ಲೋಡ್ ಹೆಚ್ಚಿಸಬೇಕಾದರೆ ಒಂದೂವರೆಯಿಂದ ಎರಡು ಕಿಲೋವ್ಯಾಟ್ ಸಾಕು. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲೇ ಬರುವುದರಿಂದ ಸುಮ್ಮನೆ 5 ಬರೆಸಿದರೆ ಬಳಸಿದರೂ ಬಳಸದಿದ್ದರೂ ಪ್ರತಿ ತಿಂಗಳು ಕಟ್ಟಬೇಕು. ಹೊರಗಿನ ಯೂನಿಟ್ ಹೊರಹಾಕೋದು ಈ ಎರಡರ ಮೊತ್ತ: 5 ಕೂಡಿಸು 1.5, ಅಂದರೆ 6.5 ಕಿಲೋವ್ಯಾಟ್ ಶಾಖ. ಆ ಯೂನಿಟ್ಟನ್ನು ಮೂರು ಕಡೆ ಗೋಡೆ ಇರುವ ಬಾಲ್ಕನಿಯಲ್ಲೋ ಮೆಟ್ಟಿಲಿನ ಡಕ್ಟ್‌ನಲ್ಲೋ ಕೂಡಿಸಿದರೆ ತಾನು ಬಿಟ್ಟ ಬಿಸಿಗಾಳಿಯನ್ನೇ ತಾನು ಎಳೆಯುತ್ತದೆ. ಹೊರಗೆ 43 ಇದ್ದರೆ ಕಂಡೆನ್ಸರ್ ಮುಂದೆ 50 ಆಗಿರುತ್ತದೆ. ಹಿಂದೆ ಒಂದು ಅಡಿ, ಮುಂದೆ ಐದಾರು ಅಡಿ ಬಯಲು ಬಿಟ್ಟು, ಉತ್ತರ ಅಥವಾ ಪೂರ್ವದ ಗೋಡೆಗೆ ಕೂಡಿಸುವುದು ಒಳ್ಳೆಯದು.

ಮೊಬೈಲ್ ಆ್ಯಪ್‌ನಲ್ಲಿ ಲೆಕ್ಕ ಹಾಕುವವರು ಎಡವುವ ಕೆಲವು ಜಾಗಗಳಿವೆ. ‘ಟನ್’ ಅಂತ ಒತ್ತಿದರೆ ಬಹಳಷ್ಟು ಆ್ಯಪ್‌ಗಳು ತೂಕದ ವಿಭಾಗಕ್ಕೆ ಹೋಗಿ ಕೆಜಿ ತೋರಿಸುತ್ತವೆ. ನಿಮಗೆ ಬೇಕಾದ್ದು ‘ಪವರ್’ ವಿಭಾಗದ ‘ಟನ್ ಆಫ್ ರೆಫ್ರಿಜರೇಶನ್’. ಬರೀ ಬಿಟಿಯು ಅಂದರೆ ಶಾಖದ ಪ್ರಮಾಣ, ಅದು ‘ಎನರ್ಜಿ’ ವಿಭಾಗದಲ್ಲಿರುತ್ತದೆ. ಏಸಿಗೆ ಬೇಕಾದ್ದು ಗಂಟೆಗೆ ಎಷ್ಟು ಬಿಟಿಯು ಅನ್ನೋದು. ವಿಂಡೋಸ್ ಕಂಪ್ಯೂಟರಿನ ಕ್ಯಾಲ್ಕುಲೇಟರ್‌ನಲ್ಲಿ ಪವರ್ ವಿಭಾಗವೇನೋ ಇದೆ, ಆದರೆ ಅಲ್ಲಿರುವ ಬಿಟಿಯು ನಿಮಿಷದ ಲೆಕ್ಕದ್ದು. 5,000 ವ್ಯಾಟ್ ಹಾಕಿದರೆ 284 ಅಂತ ಬರುತ್ತದೆ. 60ರಿಂದ ಗುಣಿಸಿದರೆ 17,060ರ ಹತ್ತಿರ ಬರುತ್ತದೆ. ಇಷ್ಟೆಲ್ಲ ರಗಳೆ ಯಾಕೆ, ಗಂಟೆಯ ಬಿಟಿಯುವನ್ನು 0.293ರಿಂದ ಗುಣಿಸಿದರೆ ವ್ಯಾಟ್. ಗಂಟೆಯ ಕಿಲೋಕ್ಯಾಲರಿಯನ್ನು 1.163ರಿಂದ. ಹಳೆಯ ಜಪಾನೀ ಪ್ಲೇಟಿನಲ್ಲಿ ‘ಟನ್’ ಕಂಡರೆ ಮಾತ್ರ ಎಚ್ಚರ: ಅಲ್ಲಿನ ಟನ್ ಗಂಟೆಗೆ 3,320 ಕಿಲೋಕ್ಯಾಲರಿ, ಅಂದರೆ 3,860 ವ್ಯಾಟ್.

ಅಶ್ವಶಕ್ತಿ ಇನ್ನೊಂದು ತೊಡಕು. ಪಂಪ್‌ಸೆಟ್ಟಿನ ನಾಡಿದು, ಎಲ್ಲವನ್ನೂ ಎಚ್‌ಪಿಯಲ್ಲೇ ಅಳೆಯುವ ರೂಢಿ. ಒಂದು ಎಚ್‌ಪಿ ಅಂದರೆ 746 ವ್ಯಾಟ್ (ಮೆಟ್ರಿಕ್ ಎಚ್‌ಪಿ ಆದರೆ 735.5), ಮತ್ತು ಅದು ಮೋಟಾರಿನ ಶಕ್ತಿ, ತಂಪಿನ ಅಳತೆ ಅಲ್ಲ. 2 ಎಚ್‌ಪಿ ಕಂಪ್ರೆಸರನ್ನು 7,000 ವ್ಯಾಟಿನ ಎರಡು ಟನ್ ಏಸಿ ಅಂತ ಮಾರುವವರ ಮಾತು ನಂಬಬೇಡಿ. ಅದೇ ಕಂಪ್ರೆಸರ್ ಕೋಣೆ ತಂಪಿಗೆ ಕೊಡುವಷ್ಟನ್ನು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನ ತಂಪಿಗೆ ಕೊಡುವುದಿಲ್ಲ, ಮಂಜುಗಡ್ಡೆಗೆ ಇಳಿಸಿದರೆ ಇನ್ನೂ ಕಡಿಮೆ. ಗಂಗಾವತಿ, ಸಿಂಧನೂರಿನ ರೈಸ್‌ಮಿಲ್ಲಿನವರು ‘ನಮ್ಮದು ಎರಡು ಟನ್ ಬಾಯ್ಲರ್’ ಅಂದಾಗ ಅದು ಗಂಟೆಗೆ ಎರಡು ಟನ್ ಹಬೆ: ಸುಮಾರು 1,250 ಕಿಲೋವ್ಯಾಟ್. ಎರಡು ಟನ್ ಏಸಿ 7 ಕಿಲೋವ್ಯಾಟ್.

ಅಮೆರಿಕದ ಯೂಟ್ಯೂಬ್ ವಿಡಿಯೊ ನೋಡಿ ‘ಅಲ್ಲಿ 18 ಇದೆ, ಇಲ್ಲಿ ಬರೀ 5’ ಅಂತ ಕೊರಗುವವರಿಗೂ ಒಂದು ಮಾತು. ಎರಡೂ ಏಸಿಯ ದಕ್ಷತೆಯ ಅಂಕಿಗಳೇ. ಅಲ್ಲಿನ ಅಂಕಿ ಒಂದು ವ್ಯಾಟ್ ಕರೆಂಟಿಗೆ ಗಂಟೆಗೆ ಎಷ್ಟು ಬಿಟಿಯು ಅನ್ನೋದು. ನಮ್ಮ ಐಎಸ್‌ಈಈಆರ್ (ಸ್ಟಾರ್ ಲೇಬಲ್‌ನಲ್ಲಿರುವ, ಇಡೀ ಹಂಗಾಮಿನ ದಕ್ಷತೆಯ ಅಂಕಿ) ವ್ಯಾಟಿಗೆ ವ್ಯಾಟ್. 18ನ್ನು 3.412ರಿಂದ ಭಾಗಿಸಿದರೆ 5.28. ಪರೀಕ್ಷೆಯ ವಿಧಾನವೂ ಬೇರೆ, ಹಾಗಾಗಿ ಹೋಲಿಕೆ ಅಂದಾಜಿಗೆ ಮಾತ್ರ.

ಇನ್ನು ಮೂರು ಸ್ಟಾರೋ ಐದು ಸ್ಟಾರೋ. 2022ರ ಜುಲೈನಿಂದ ಜಾರಿಗೆ ಬಂದ ಕೋಷ್ಟಕದಲ್ಲಿ ಸ್ಪ್ಲಿಟ್ ಏಸಿಗೆ ಮೂರು ಸ್ಟಾರ್ ಬರಲು ಐಎಸ್‌ಈಈಆರ್ ಕನಿಷ್ಠ 3.80, ಐದು ಸ್ಟಾರಿಗೆ 5.00 ಇರಬೇಕಿತ್ತು. ಕೋಷ್ಟಕ ಆಗಾಗ ಬಿಗಿಯಾಗುತ್ತದೆ, ಆದ್ದರಿಂದ ಸ್ಟಾರ್ ಎಣಿಸುವುದಕ್ಕಿಂತ ಲೇಬಲ್‌ನ ಅವಧಿ ಮತ್ತು ಐಎಸ್‌ಈಈಆರ್ ಅಂಕಿ ನೋಡಿ. ಲೇಬಲ್‌ನ ವಾರ್ಷಿಕ ಯೂನಿಟ್ ಲೆಕ್ಕ ವರ್ಷಕ್ಕೆ 1,600 ಗಂಟೆಯದ್ದು. ಈ ಅಳತೆಯಲ್ಲಿ ಐದು ಸ್ಟಾರ್ ಸುಮಾರು 750ರಿಂದ 850 ಯೂನಿಟ್, ಮೂರು ಸ್ಟಾರ್ 950ರಿಂದ 1,050. ಅಂತರ 200 ಅಂತಿಟ್ಟುಕೊಳ್ಳಿ. ಮಲಗುವ ಕೋಣೆಗೆ ಮೂರು ತಿಂಗಳು, ದಿನಕ್ಕೆ 8 ಗಂಟೆ ಅಂದರೆ 720 ಗಂಟೆ. ಉಳಿಯೋದು 90 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 540 ರೂಪಾಯಿ. ಬೆಲೆಯಲ್ಲಿ 8,000 ಅಂತರ ಇದ್ದರೆ ಹದಿನೈದು ವರ್ಷ ಬೇಕು, ಅಷ್ಟರಲ್ಲಿ ಯಂತ್ರವೇ ಮುಗಿದಿರುತ್ತದೆ. ಅದೇ ದವಾಖಾನೆಗೋ ಬಟ್ಟೆ ಅಂಗಡಿಗೋ ದಿನಕ್ಕೆ 12 ಗಂಟೆಯಂತೆ 250 ದಿನ ಓಡಿದರೆ 3,000 ಗಂಟೆ. 375 ಯೂನಿಟ್, ವಾಣಿಜ್ಯ ದರ 8 ರೂಪಾಯಿ ಹಿಡಿದರೆ 3,000 ರೂಪಾಯಿ. ಮೂರು ವರ್ಷದೊಳಗೆ ದುಡ್ಡು ವಾಪಸ್.

ನಮ್ಮ ಅಭಿಪ್ರಾಯ: ಬರೀ ಬ್ಯಾಸಗಿ ರಾತ್ರಿಗೆ ಬಳಸುವ ಮನೆಯವರು 4,750 ವ್ಯಾಟಿನ ಐದು ಸ್ಟಾರಿಗಿಂತ 5,200ರ ಮೇಲಿನ ಮೂರು ಸ್ಟಾರ್ ತೆಗೆದುಕೊಳ್ಳುವುದು ವಾಸಿ. ಒಂದು ತಿದ್ದುಪಡಿ ಇದೆ. ಐದು ಸ್ಟಾರಿನ ಕಂಡೆನ್ಸರ್ ಕಾಯಿಲ್ ಸಾಮಾನ್ಯವಾಗಿ ದೊಡ್ಡದಿರುತ್ತದೆ, ಬಿಸಿಲಿಗೆ ಕಡಿಮೆ ಕುಗ್ಗುತ್ತದೆ. ಎರಡರ ವ್ಯಾಟೂ ಸಮ ಇದ್ದು ಬೆಲೆಯ ಅಂತರ ನಾಲ್ಕೈದು ಸಾವಿರದೊಳಗೆ ಇದ್ದರೆ ಐದು ಸ್ಟಾರನ್ನೇ ಆರಿಸಿ.

ಗೃಹಜ್ಯೋತಿ ಇರುವ ಮನೆಗಳಿಗೆ ಲೆಕ್ಕವೇ ಬೇರೆ. ಇನ್ವರ್ಟರ್ ಏಸಿ ಕೋಣೆ ತಂಪಾದ ಮೇಲೆ ವೇಗ ಇಳಿಸಿ ಸರಾಸರಿ 700 ವ್ಯಾಟ್ ಎಳೆದರೂ ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 168 ಯೂನಿಟ್. ಫ್ರಿಜ್, ಫ್ಯಾನು, ಮೋಟಾರು ಸೇರಿದರೆ 200 ದಾಟುವುದು ಗ್ಯಾರಂಟಿ, ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಇಂಥವರಿಗೆ ಐದು ಸ್ಟಾರ್ ಕೊಂಡರೂ ಗೆರೆಯೊಳಗೆ ಉಳಿಯುವುದು ಕಷ್ಟ. 24 ಡಿಗ್ರಿ ಬದಲು 27ಕ್ಕೆ ಇಟ್ಟು ಫ್ಯಾನ್ ಹಾಕಿ ಮಲಗಿದರೆ ಉಳಿಯಬಹುದು.

‘ಕನ್ವರ್ಟಿಬಲ್’ ಗುಂಡಿ ಬರೀ ಜಾಹೀರಾತು ಅಂತ ತಳ್ಳಿಹಾಕಬೇಡಿ. ರಿಮೋಟಿನಲ್ಲಿ 80, 60, 40 ಅಂತ ಇರೋದು ಕಂಪ್ರೆಸರಿಗೆ ಹಾಕುವ ಮಿತಿ: 5,000 ವ್ಯಾಟಿನ ಏಸಿಯನ್ನು 40ಕ್ಕೆ ಇಟ್ಟರೆ ಸುಮಾರು 2,000 ವ್ಯಾಟ್, ಅರ್ಧ ಟನ್‌ಗಿಂತ ಸ್ವಲ್ಪ ಹೆಚ್ಚು. ರಾತ್ರಿ ಹನ್ನೆರಡರ ನಂತರ ಸ್ಲ್ಯಾಬ್ ತಣಿದ ಮೇಲೆ ಅಷ್ಟು ಸಾಕು. ಪುಟ್ಟ ಮನೆ ಇನ್ವರ್ಟರ್ ಮೇಲೋ ಸಣ್ಣ ಜನರೇಟರ್ ಮೇಲೋ ಓಡಿಸುವಾಗಲೂ ಈ ಮಿತಿ ಉಪಯೋಗ. 110, 120 ಅಂತ ಬರೆದಿರುವ ಟರ್ಬೊ ಮಾತ್ರ ಕೆಲವೇ ನಿಮಿಷದ ಆಟ, ಅದನ್ನು ನಂಬಿ ಕಡಿಮೆ ವ್ಯಾಟಿನದ್ದು ಕೊಳ್ಳಬೇಡಿ.

ಕೂಲರ್ ಜೊತೆ ಹೋಲಿಸದೆ ಇಲ್ಲಿ ಯಾವ ಏಸಿ ವಿಮರ್ಶೆಯೂ ಪೂರ್ತಿಯಾಗದು. ಒಂದು ಲೀಟರ್ ನೀರು ಆವಿಯಾದರೆ 0.675 ಯೂನಿಟ್‌ನಷ್ಟು ಶಾಖ ಹೀರುತ್ತದೆ. ಗಂಟೆಗೆ 8 ಲೀಟರ್ ಕುಡಿಯುವ ಕೂಲರ್ 5.4 ಕಿಲೋವ್ಯಾಟ್, ಕಾಗದದ ಮೇಲೆ ಒಂದೂವರೆ ಟನ್. ಕರೆಂಟು ಬರೀ 150-200 ವ್ಯಾಟ್! ಆದರೆ ಆ ತಂಪಿನ ಬಹುಪಾಲು ಹೊರಗಿನ 42 ಡಿಗ್ರಿ ಗಾಳಿಯನ್ನು 27ಕ್ಕೆ ಇಳಿಸುವುದರಲ್ಲೇ ಮುಗಿಯುತ್ತದೆ, ಕೋಣೆ 32ರಲ್ಲಿ ನಿಂತರೆ ಕೋಣೆಗೆ ದಕ್ಕಿದ್ದು ಮೂರನೇ ಒಂದು ಭಾಗ, 1.8 ಕಿಲೋವ್ಯಾಟ್. ಒಣಗಾಳಿಯ ಏಪ್ರಿಲ್-ಮೇನಲ್ಲಿ ಎದುರಿನ ಕಿಟಕಿ ತೆರೆದಿಟ್ಟರೆ ಕೂಲರಿಗೆ ಸಾಟಿ ಇಲ್ಲ. ಮಳೆ ಶುರುವಾಗಿ ಗಾಳಿಯಲ್ಲಿ ತೇವ ಏರಿದ ಮೇಲೆ ಅದು ಬರೀ ಸೆಕೆ ಎಬ್ಬಿಸುವ ಯಂತ್ರ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಪ್ಯಾಡಿನಲ್ಲಿ ಉಪ್ಪು ಕಟ್ಟಿ ಒಂದೇ ಹಂಗಾಮಿಗೆ ಗಾಳಿ ಹಿಡಿಯುತ್ತದೆ.

ಫಿಟಿಂಗ್ ಕೆಟ್ಟರೆ ಮೇಲಿನ ವ್ಯಾಟ್ ಲೆಕ್ಕವೆಲ್ಲ ನೀರುಪಾಲು. ಪೈಪ್ ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪ್ ಕನಿಷ್ಠ 20 ನಿಮಿಷ ಓಡಬೇಕು; ಗ್ಯಾಸ್ ಸ್ವಲ್ಪ ಬಿಟ್ಟು ‘ಏರ್ ತೆಗೆದೆ’ ಅನ್ನುವವರನ್ನು ತಡೆಯಿರಿ. ಒಳಗೆ ಉಳಿದ ಗಾಳಿ ಮತ್ತು ತೇವ ಕಂಡೆನ್ಸರಿನ ಒತ್ತಡ ಏರಿಸುತ್ತದೆ, ನಮ್ಮ ಬಿಸಿಲಿನಲ್ಲಿ ಅದೇ ಟ್ರಿಪ್‌ಗೆ ದಾರಿ. ಪೈಪ್ ಕಿಟ್ ಸಾಮಾನ್ಯವಾಗಿ 3 ಮೀಟರ್. ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಉದ್ದ ಹೋದರೆ ಆರ್-32 ಗ್ಯಾಸನ್ನು ಹೆಚ್ಚುವರಿ ಮೀಟರಿಗೆ ಇಷ್ಟು ಗ್ರಾಂ ಅಂತ ತೂಕ ಮಾಡಿಯೇ ತುಂಬಬೇಕು, ಬಹಳ ಮಾಡೆಲ್‌ಗಳಲ್ಲಿ 15ರಿಂದ 20 ಗ್ರಾಂ. ತಾಮ್ರದ ಎರಡೂ ಪೈಪಿಗೆ ಬೇರೆ ಬೇರೆ ಇನ್ಸುಲೇಶನ್ ಇರಲಿ. ಮೀಟರ್ ಬೋರ್ಡಿನಿಂದ ನೇರ ಪ್ರತ್ಯೇಕ ವೈರ್, ದೂರ ಹೆಚ್ಚಿದ್ದರೆ 4 ಚದರ ಮಿಲಿಮೀಟರ್, 16 ಅಥವಾ 20 ಆಂಪಿಯರ್ ಎಂಸಿಬಿ, ಸರಿಯಾದ ಅರ್ಥಿಂಗ್. ಶಕ್ತಿನಗರ, ಯರಮರಸ್, ಕುಡತಿನಿ ಮೂರೂ ಕಡೆ ವಿದ್ಯುತ್ ಸ್ಥಾವರ ಇಟ್ಟುಕೊಂಡೂ ಬ್ಯಾಸಗಿ ಸಂಜೆ ವೋಲ್ಟೇಜ್ ಇಳಿಯುವ ಓಣಿಗಳು ನಮ್ಮಲ್ಲಿವೆ. ಏಸಿಯ ಮೇಲೆ ಬರೆದ ವೋಲ್ಟೇಜ್ ಮಿತಿಗಿಂತ ಕೆಳಗೆ ಹೋಗುತ್ತಿದ್ದರೆ 4 ಕೆವಿಎ ಸ್ಟೆಬಿಲೈಜರ್ ಹಾಕಲೇಬೇಕು.

ತಂಪು ಬರುತ್ತಿದೆಯೇ ಅಂತ ನೋಡಲು ಎರಡು ಥರ್ಮಾಮೀಟರ್ ಸಾಕು. ಅರ್ಧ ಗಂಟೆ ಫುಲ್‌ನಲ್ಲಿ ಓಡಿಸಿ ಒಳಗಿನ ಯೂನಿಟ್ ಎಳೆಯುವ ಗಾಳಿಗೂ ಬಿಡುವ ಗಾಳಿಗೂ ಅಂತರ ನೋಡಿ. ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಅನ್ನೋದು ಕೈಪಿಡಿಯಲ್ಲಿದೆ (ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಘನ ಅಡಿ ಇದ್ದರೆ 1.7ರಿಂದ ಗುಣಿಸಿ). ಗಾಳಿ ಗುಣಿಸು ಅಂತರ ಗುಣಿಸು 0.33, ಬಂದದ್ದು ವ್ಯಾಟ್. 950 ಘನ ಮೀಟರ್, 13 ಡಿಗ್ರಿ ಅಂದರೆ 4,075. ತೇವ ತೆಗೆಯುವ ಭಾಗ ಇದರಲ್ಲಿ ಸೇರಿಲ್ಲ, ಒಣ ಏಪ್ರಿಲ್‌ನಲ್ಲಿ ಅದು ಸಣ್ಣದು. ಅಂತರ 7-8ಕ್ಕೆ ನಿಂತರೆ ಗ್ಯಾಸ್ ಕಡಿಮೆ, ಇಲ್ಲವೇ ಕಂಡೆನ್ಸರ್ ಕಟ್ಟಿದೆ. ಸಂಡೂರು-ತೋರಣಗಲ್ಲು ಕಡೆ ಅದಿರಿನ ಕೆಂಪು ದೂಳು, ರಾಯಚೂರಿನಲ್ಲಿ ಜಿನ್ನಿಂಗ್ ಹಂಗಾಮಿನ ಹತ್ತಿಯ ಎಳೆ, ಗಂಗಾವತಿ ಸುತ್ತ ಭತ್ತದ ಹೊಟ್ಟಿನ ಬೂದಿ, ಮೂರೂ ಕಂಡೆನ್ಸರಿನ ಫಿನ್ನುಗಳ (ತೆಳು ತಗಡುಗಳ) ನಡುವೆ ಕೂಡುತ್ತವೆ. ವರ್ಷಕ್ಕೊಂದು ಸರ್ವಿಸ್ ಇಲ್ಲಿ ಸಾಲದು. ಹಂಗಾಮಿನ ಮೊದಲು ಮತ್ತು ನಡುವೆ ಹೊರಗಿನ ಯೂನಿಟ್ ತೊಳೆಸಿ, ಒಳಗಿನಿಂದ ಹೊರಕ್ಕೆ, ಸಾದಾ ಪೈಪಿನ ನೀರಿನಲ್ಲಿ. ಬೈಕ್ ತೊಳೆಯುವ ಪ್ರೆಶರ್ ಗನ್ ಹಿಡಿದರೆ ಫಿನ್ ಮಡಚಿ ಇನ್ನಷ್ಟು ಗಾಳಿ ತಡೆಯುತ್ತದೆ.

ಕೊಳ್ಳುವಾಗ ಬಿಲ್‌ನಲ್ಲಿ ‘1.5 ಟನ್ ಇನ್ವರ್ಟರ್ ಏಸಿ’ ಅಂತಷ್ಟೇ ಬರೆಸಿಕೊಂಡು ಬರಬೇಡಿ. ಪೂರ್ತಿ ಮಾಡೆಲ್ ನಂಬರ್, ಒಳಗಿನ ಮತ್ತು ಹೊರಗಿನ ಯೂನಿಟ್ಟಿನ ಸೀರಿಯಲ್ ನಂಬರ್, 100% ಕೂಲಿಂಗ್ ವ್ಯಾಟ್, ಮೂರನ್ನೂ ಬರೆಸಿ. ಅಂಗಡಿಯಲ್ಲಿ ತೋರಿಸಿದ ಮಾಡೆಲ್ಲಿಗೂ ಗೋಡೌನಿನಿಂದ ಬಂದ ಡಬ್ಬಕ್ಕೂ ಕೊನೆಯ ಒಂದೆರಡು ಅಕ್ಷರ ಬೇರೆ ಇದ್ದರೆ ವ್ಯಾಟೂ ಬೇರೆ ಇರಬಹುದು. ಫಿಟಿಂಗಿನವರು ಡಬ್ಬ ಒಡೆಯುವ ಮೊದಲು ಹೊರಗಿನ ಸ್ಟಿಕರ್ ಓದಿಕೊಳ್ಳಿ.